ನಜಫ್‌ಗಢದ ಕೌದಿಯೂ ರೋಹಿಣಿಯ ಹೊಟ್ಟೆಕಿಚ್ಚೂ

ಅರವತ್ತು ಕೌದಿಯ ಆರ್ಡರು. ಒಂದೊಂದಕ್ಕೆ ಸಾವಿರದ ಎಂಟುನೂರು ರೂಪಾಯಿ. ವಸಂತ್ ಕುಂಜ್‌ನ ಒಬ್ಬ ಮೇಡಂ ಗೆಸ್ಟ್ ಹೌಸ್ ತೆರೆಯುವವರಿದ್ದರು. ಚಳಿ ಶುರುವಾಗುವ ಮುಂಚೆ ಕೈಹೊಲಿಗೆಯ ಕೌದಿಗಳೇ ಬೇಕು ಎಂದಿದ್ದರು. ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಇಪ್ಪತ್ತು ವರ್ಷದಿಂದ ಚಾದರ, ರಜಾಯಿ, ಕೌದಿ, ಸೂಜಿ-ದಾರ ಮಾರುತ್ತಿದ್ದ ನನಗೆ ಆ ಆರ್ಡರು ಸಿಗುವುದು ನ್ಯಾಯ. ಆದರೆ ವ್ಯಾಪಾರ ನ್ಯಾಯದ ಮೇಲೆ ನಡೆಯುವುದಾದರೆ ನನ್ನ ಎದುರಿನ ಅಂಗಡಿ ಯಾವತ್ತೋ ಮುಚ್ಚಬೇಕಿತ್ತು.

ಇನ್ನೊಬ್ಬರ ಗಿರಾಕಿ ನೋಡಿ ಹೊಟ್ಟೆ ಉರಿದುಕೊಳ್ಳುವ ಪ್ರಸಂಗ ನನಗೆ ವಾರಕ್ಕೊಂದಾದರೂ ಬರುತ್ತದೆ. ಆ ವರ್ಷ ದಿನಕ್ಕೊಂದು ಬಂತು. ಕಾರಣ ನಮ್ಮ ಕಡೆಯ ಒಬ್ಬ ಅಕ್ಕಾವರು. ಅವರ ಯಜಮಾನರು ಕೇಂದ್ರ ಸರ್ಕಾರದ ಕೆಲಸದಿಂದ ರಿಟೈರ್ ಆದಮೇಲೆ ನಜಫ್‌ಗಢದ ಆಚೆ ಎರಡು ಬಿಘಾ ಜಮೀನು ತೆಗೆದುಕೊಂಡಿದ್ದರು. ಎಮ್ಮೆ, ಆಡು, ಬಾತುಕೋಳಿ ಸಾಕಿಕೊಂಡು, ಬೇವಿನ ಮರದ ಕೆಳಗೆ ಕೂತು ಅಕ್ಕಾವರು ಕೌದಿ ಹೊಲಿಯುತ್ತಿದ್ದರು. ದಿಲ್ಲಿಯ ಜನ ಕಾರು ಮಾಡಿಕೊಂಡು ಹೋಗಿ ಕೊಂಡುಕೊಳ್ಳುತ್ತಿದ್ದರು. ಹೊಲಿಯುವ ದಬ್ಬಣ, ದಾರ ಎಲ್ಲ ನನ್ನ ಅಂಗಡಿಯದು. ಅದೂ ಹೋಲ್‌ಸೇಲ್ ರೇಟಿನಲ್ಲಿ!

ಈ ಕಡೆ ಬಂದಿದ್ದೆ

ಅಲ್ಲಿ ಅಂಥದ್ದೇನಿದೆ ನೋಡೋಣ ಎಂದು ಒಂದು ಭಾನುವಾರ ಸ್ಕೂಟರ್ ಹತ್ತಿದೆ. ಗೇಟಿನ ಹೊರಗೆ ಆರು ಕಾರು. ನನ್ನ ಅಂಗಡಿ ಮುಂದೆ ಆರು ಕಾರು ನಿಂತದ್ದು ಒಂದೇ ಸಲ, ಪಕ್ಕದ ಹಾಲ್‌ನಲ್ಲಿ ಮದುವೆ ಇದ್ದಾಗ.

"ಓಹೋ, ಬನ್ನಿ ಅಣ್ಣಾ! ಏನು ಇಷ್ಟು ದೂರ?" ಎಂದರು ಅಕ್ಕಾವರು.

"ಏನಿಲ್ಲ, ಈ ಕಡೆ ಬಂದಿದ್ದೆ. ಹಾಗೇ ಮಾತಾಡಿಸಿ ಹೋಗೋಣ ಅಂತ."

"ಈ ಕಡೆ ಅಂದರೆ ಯಾವ ಕಡೆ ಅಣ್ಣಾ? ನಮ್ಮ ಗೇಟಿಗೆ ರಸ್ತೆ ಮುಗಿಯುತ್ತದಲ್ಲ."

ಅಷ್ಟರಲ್ಲಿ ಒಂದು ಬಾತುಕೋಳಿ ಹಿಂದಿನಿಂದ ಬಂದು ಪ್ಯಾಂಟನ್ನು ಕಚ್ಚಿ ಹಿಡಿಯಿತು. ಬಿಡಲೇ ಇಲ್ಲ. ಅಕ್ಕಾವರು ಬಿಡಿಸುತ್ತ, "ಹೆದರಬೇಡಿ ಅಣ್ಣಾ, ಗಿರಾಕಿಗಳಿಗೆ ಅದು ಏನೂ ಮಾಡುವುದಿಲ್ಲ" ಎಂದರು.

ಎಮ್ಮೆಯ ಫೋಟೋ

ಅಕ್ಕಾವರು ಪ್ರತಿ ಕೌದಿಗೂ ಒಂದು ಪ್ರಾಣಿಯ ಫೋಟೋ ಪಿನ್ ಮಾಡಿ ಕೊಡುತ್ತಿದ್ದರು. 'ಇದನ್ನು ಹೊಲಿಯುವಾಗ ಪಕ್ಕದಲ್ಲಿ ಮಲಗಿದ್ದವಳು ಗೌರಿ' ಎಂದು ಕೆಳಗೆ ಬರೆದಿರುತ್ತಿತ್ತು. ಗೌರಿ ಎಂದರೆ ಎಮ್ಮೆ. ಅದು ಮಲಗಿದ್ದಕ್ಕೆ ಜನ ಇನ್ನೂರು ರೂಪಾಯಿ ಹೆಚ್ಚಿಗೆ ಕೊಡುತ್ತಿದ್ದರು. ಮಲಗುವುದಕ್ಕೆ ದುಡ್ಡು ಬರುವುದಾದರೆ ನನ್ನ ಮನೆಯಲ್ಲೂ ಬೇಕಾದಷ್ಟು ಜನರಿದ್ದರು.

ಒಂದು ದಿನ ಇಂದಿರಾಪುರಂನಿಂದ ಗಂಡ-ಹೆಂಡತಿ ಇಬ್ಬರು ಅಂಗಡಿಗೆ ಬಂದರು. ಅರ್ಧ ಗಂಟೆ ಕೌದಿಗಳನ್ನು ತೆರೆಸಿ ನೋಡಿದರು. ಕೊನೆಗೆ ಆಕೆ, "ಭಯ್ಯಾ, ಇದು ಯಾವ ಪ್ರಾಣಿಯ ಪಕ್ಕದಲ್ಲಿ ಹೊಲಿದದ್ದು?" ಎಂದು ಕೇಳಿದಳು.

ನನಗೆ ರೇಗಿಹೋಯಿತು. ಗಲ್ಲಾದ ಹಿಂದೆ ಗೊರಕೆ ಹೊಡೆಯುತ್ತಿದ್ದ ನನ್ನ ಹೆಂಡತಿಯ ತಮ್ಮನನ್ನು ತೋರಿಸಿ, "ಇವನ ಪಕ್ಕದಲ್ಲಿ" ಎಂದೆ.

ಆಕೆ ಅವನನ್ನು ಚೆನ್ನಾಗಿ ನೋಡಿ ಗಂಡನಿಗೆ, "ಚಲೋ, ಎಮ್ಮೆಯದ್ದೇ ತಗೊಳ್ಳೋಣ" ಎಂದಳು.

ಬಾಡಿಗೆ ಆಡು

ಸರಿ, ಜನಕ್ಕೆ ಪ್ರಾಣಿ ತಾನೇ ಬೇಕು ಎಂದು ಪಕ್ಕದ ಹಳ್ಳಿಯಿಂದ ಎರಡು ಆಡುಗಳನ್ನು ಒಂದು ದಿನಕ್ಕೆ ಬಾಡಿಗೆಗೆ ತಂದೆ. ಒಂದು ಒಳ್ಳೆಯ ಕೌದಿಯನ್ನು ಅಂಗಡಿ ಮುಂದೆ ನೇತುಹಾಕಿ, ಆಡುಗಳನ್ನು ಅದರ ಎರಡೂ ಕಡೆ ಕಟ್ಟಿದೆ. ಬಕ್ರೀದ್ ಹತ್ತಿರ ಬಂದದ್ದು ನನಗೆ ಹೊಳೆದಿರಲಿಲ್ಲ. ಸಂಜೆಯೊಳಗೆ ಹನ್ನೊಂದು ಜನ ಬಂದು ರೇಟು ಕೇಳಿದರು. ಕೌದಿಯದ್ದಲ್ಲ. ಕೌದಿಯ ಬಗ್ಗೆ ಕೇಳಿದವನು ಒಬ್ಬನೇ: "ಎರಡೂ ತಗೊಂಡರೆ ಈ ಬಟ್ಟೆ ಫ್ರೀನಾ?"

ಯಾರ ಕೌದಿ ಮೇಲು

ವಸಂತ್ ಕುಂಜ್‌ನ ಮೇಡಂ ಕೊನೆಗೊಂದು ದಿನ ಗೊತ್ತು ಮಾಡಿದರು. ನಾನೂ ಅಕ್ಕಾವರೂ ಒಂದೊಂದು ಕೌದಿ ತೋರಿಸಬೇಕು, ಅವರು ಆರಿಸುತ್ತಾರೆ. ಜಾಗ? ಅಕ್ಕಾವರ ಹೊಲವೇ ಅಂತೆ, ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಬೆಳಕಿಗೂ ನನ್ನ ಮೇಲೆ ದ್ವೇಷ.

ಹೆಂಡತಿಯೂ ಜೊತೆಗೆ ಬಂದಳು. ನಮ್ಮ ಕೌದಿ ಹೊಲಿಯುವವಳು ಅವಳೇ. ಇನ್ನು ಮೂವರು ಹೆಂಗಸರು ಅವಳಿಗೆ ಸಹಾಯಕ್ಕೆ. ಎರಡು ಚಾರ್‌ಪಾಯಿ ಮಂಚಗಳ ಮೇಲೆ ಎರಡು ಕೌದಿ ಹಾಸಿದ್ದಾಯಿತು. ಮೇಡಂ ಚಹಾ ಹಿಡಿದುಕೊಂಡು ಅತ್ತ ಇತ್ತ ನೋಡುತ್ತಿದ್ದರು. ಅಷ್ಟರಲ್ಲಿ ಅಕ್ಕಾವರ ಆಡು ಬಂತು. ಅವರ ಕೌದಿಯನ್ನು ಮೂಸಿತು, ಬಿಟ್ಟಿತು. ನಮ್ಮದನ್ನು ಮೂಸಿತು. ಮರುಗಳಿಗೆಯೇ ಒಂದು ಮೂಲೆಗೆ ಬಾಯಿ ಹಾಕಿ ಕರಕರ ಅಗಿಯತೊಡಗಿತು.

"ಅಯ್ಯೋ, ಹಿಡೀರಿ ಹಿಡೀರಿ!" ಎಂದು ನಾನು ಓಡಿದೆ. ಮೂಲೆ ಆಗಲೇ ಹೋಗಿತ್ತು. ಆರ್ಡರೂ ಹೋಯಿತು ಅಂದುಕೊಂಡೆ.

"ಇದನ್ನೇ ಯಾಕೆ ತಿಂತು?" ಎಂದು ಮೇಡಂ ಕೇಳಿದರು.

ನನ್ನ ಹೆಂಡತಿ ತನಗೆ ಬರುವ ಹಿಂದಿಯಲ್ಲಿ ಹೇಳಿದಳು: "ನಮ್ಮ ಮನೆತನದ ಪದ್ಧತಿ, ಮೇಡಂ. ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ಚೂರು ಒಣ ಜೋಳದ ರೊಟ್ಟಿ ಇಟ್ಟು ಹೊಲಿಯುತ್ತೇವೆ. ಕೌದಿ ಹಸಿದಿರಬಾರದು. ಅದರ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ."

ನಾನು ತಲೆ ತಗ್ಗಿಸಿದೆ. ಮೇಡಂ ಚಹಾದ ಲೋಟ ಕೆಳಗಿಟ್ಟರು. ಅವರ ಕಣ್ಣಲ್ಲಿ ನೀರು! "ಎಂಥ ಸುಂದರ ಪದ್ಧತಿ! ನನಗೆ ಇದೇ ಬೇಕು. ಅರವತ್ತಕ್ಕೂ ರೊಟ್ಟಿ ಇರಲೇಬೇಕು."

ಅಕ್ಕಾವರ ಮುಖ ನೋಡಿದೆ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ತಂಪಾದ ಗಳಿಗೆ ನನಗೆ ಬಂದಿಲ್ಲ. ಹೊರಡುವಾಗ ಆ ಆಡಿಗೆ ಒಂದು ಕ್ಯಾರೆಟ್ ಕೂಡ ತಿನ್ನಿಸಿದೆ.

ಕೊನೆಯ ಮೂಲೆ

ಮನೆಗೆ ಬಂದಮೇಲೆ ಹೆಂಡತಿ ಬೆರಳು ಮಡಚಿ ಹೇಳಿದಳು: "ನಾಲ್ಕು ಜನ ಹಗಲಿಡೀ ಹೊಲಿದರೂ ಚಳಿಯೊಳಗೆ ಇಪ್ಪತ್ತರ ಮೇಲೆ ಒಂದೂ ಆಗುವುದಿಲ್ಲ. ಒಪ್ಪಿಕೊಳ್ಳುವ ಮುಂಚೆ ಕೇಳಬಾರದಿತ್ತಾ?"

ಕೇಳುವ ಅಭ್ಯಾಸ ನನಗಿಲ್ಲ. ನಲವತ್ತು ಕೌದಿ ಹೊಲಿದುಕೊಡುವವರು ಇಡೀ ದಿಲ್ಲಿಯಲ್ಲಿ ಒಬ್ಬರೇ. ಮತ್ತೆ ಸ್ಕೂಟರ್ ಹತ್ತಿದೆ. ಈ ಸಲ 'ಈ ಕಡೆ ಬಂದಿದ್ದೆ' ಎನ್ನಲು ಬಾಯಿ ಬರಲಿಲ್ಲ. ಅಕ್ಕಾವರು ಸಾವಿರದ ಏಳುನೂರರ ಕೆಳಗೆ ಇಳಿಯಲಿಲ್ಲ.

"ಅಕ್ಕಾವರೇ, ನನಗೇನು ಉಳಿಯುತ್ತದೆ?"

"ಆರ್ಡರು ನಿಮ್ಮದು ಅನ್ನೋ ಹೆಸರು ಉಳಿಯುತ್ತದಲ್ಲ ಅಣ್ಣಾ."

ಹೇಗೋ ಚಳಿಗೆ ಅರವತ್ತೂ ತಲುಪಿದವು. ಜನವರಿಯಲ್ಲಿ ಮೇಡಂ ಫೋನ್ ಮಾಡಿದರು. ದನಿಯಲ್ಲಿ ಈ ಸಲ ಕಣ್ಣೀರಿರಲಿಲ್ಲ.

"ನನ್ನ ಗೆಸ್ಟ್ ಹೌಸ್ ತುಂಬ ಇಲಿ! ನಿಮ್ಮ ಕೌದಿಗಳ ಮೂಲೆಯನ್ನೇ ಹುಡುಕಿ ತಿನ್ನುತ್ತಿವೆ. ಬಂದು ತಗೊಂಡು ಹೋಗಿ, ಸರಿ ಮಾಡಿಕೊಡಿ."

ಟೆಂಪೊ ಮಾಡಿಕೊಂಡು ಹೋದೆ. ನಮ್ಮ ಇಪ್ಪತ್ತರಲ್ಲಿ ಹದಿನೇಳರ ಮೂಲೆ ಮಾಯ. ಅಕ್ಕಾವರ ನಲವತ್ತೂ ನೆಟ್ಟಗಿದ್ದವು, ಒಂದು ದಾರವೂ ಸಡಿಲವಾಗಿರಲಿಲ್ಲ. ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ.

"ಅಕ್ಕಾವರೇ, ನೀವು ರೊಟ್ಟಿ ಇಟ್ಟಿದ್ದಿರೋ ಇಲ್ಲವೋ?"

"ಪ್ರಾಣಿಗಳ ಜೊತೆ ಇರುವವಳು ನಾನು, ಮೂಲೆಗೆ ಯಾರಾದರೂ ರೊಟ್ಟಿ ಇಡುತ್ತಾರಾ ಅಣ್ಣಾ? ಅರಿಶಿನದ ಕೊಂಬು ಇಟ್ಟೆ. ಮೇಡಂಗೆ ಆಗಲೇ ಹೇಳಿದ್ದೆ. ಶುಭ ಅಂತ ಅವರು ಮತ್ತೆ ಅತ್ತರು."

ಹದಿನೇಳು ಕೌದಿಯ ಮೂಲೆ ಬಿಚ್ಚಿ ಹೊಲಿಸುವಷ್ಟರಲ್ಲಿ ಅವುಗಳ ಲಾಭ ಬಟ್ಟೆಗೆ, ಕೂಲಿಗೆ ಹೋಯಿತು. ನಲವತ್ತರಿಂದ ಬಂದ ನೂರು ನೂರು ರೂಪಾಯಿ ಟೆಂಪೊಗೂ ಮೇಡಂ ನನ್ನ ಲೆಕ್ಕಕ್ಕೆ ಹಾಕಿದ ಇಲಿ ಹಿಡಿಯುವವನಿಗೂ ಹೋಯಿತು. ಅರವತ್ತು ಕೌದಿಯ ಆ ದೊಡ್ಡ ಆರ್ಡರಿನಲ್ಲಿ ನನ್ನ ಕೈಗೆ ಹತ್ತಿದ ಲಾಭ ಇಲಿ ಮುಟ್ಟದ ಮೂರು ಕೌದಿಯದ್ದು ಮಾತ್ರ. ಆ ಮೂರಕ್ಕೆ ರೊಟ್ಟಿ ಇಡಲು ನನ್ನ ಹೆಂಡತಿ ಮರೆತಿದ್ದಳಂತೆ.