ಸ್ವಂತ ಸಣ್ಣ ಕಾರಿನಲ್ಲಿ ಬಂದು ಹೆಣ್ಣು ಕೇಳಲು ಅನುಮತಿ ಕೋರಿ

ಸ್ಥಳ: ಯೂನಿಯನ್ ಸಿಟಿ
ದಿನಾಂಕ: 17-03-2001, ಶನಿವಾರ

ಇಂದ,
ಸಾಗರ್ ಬಿನ್ ಶಿವರಾಮು,
ವಯಸ್ಸು 29, ಅವಿವಾಹಿತ (ಕಾರಣ ಮುಂದೆ ವಿವರಿಸಿದೆ),
ಅಪಾರ್ಟ್‌ಮೆಂಟು ನಂ. 214, ಬಾರ್ಟ್ ರೈಲು ಸ್ಟೇಷನ್ನಿನಿಂದ ಎರಡು ಮೈಲಿ,
ಯೂನಿಯನ್ ಸಿಟಿ.

ಗೆ,
ಶ್ರೀ ದ್ವಾರಕಾನಾಥ ಅವರು,
ಕುಮಾರಿ ಹರ್ಷಿತಾಳ ತಂದೆಯವರು ಹಾಗೂ ಮದುವೆ ಮಂಜೂರಾತಿ ಪ್ರಾಧಿಕಾರಿಗಳು,
ಡ್ಯಾನ್‌ವಿಲ್.

ಮೂಲಕ: ತಮ್ಮ ಪತ್ನಿ ಶ್ರೀಮತಿ ರಮಾ ಅವರು (ಬೆಲ್ ಒತ್ತಿದರೆ ಬಾಗಿಲು ತೆಗೆಯುವವರು ಅವರೇ ಆದ್ದರಿಂದ).

ವಿಷಯ: ಎರವಲು ಕಾರಿನ ಕಾರಣದಿಂದ ತಿರಸ್ಕೃತವಾದ ವಿವಾಹ ಪ್ರಸ್ತಾಪವನ್ನು ಅರ್ಜಿದಾರನ ಸ್ವಂತ ಕಾರಿನ ಆಧಾರದ ಮೇಲೆ ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: 1) ದಿ. 12-11-2000ರಂದು ತಮ್ಮ ಮನೆಯ ಹಾಲ್‌ನಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರ. 2) ಅದೇ ಸಂಜೆ ಫೋನಿನಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ: "ಬೇರೆಯವರ ಕಾರಲ್ಲಿ ಬರೋನಿಗೆ ನಮ್ಮನೇಲಿ ಹೆಣ್ಣಿಲ್ಲ. ಇನ್ನೇನಿದ್ರೂ ಬರ್ದು ಕೊಡು."

ಮಾನ್ಯರೇ,

ಉಲ್ಲೇಖ (2)ರ ಕೊನೆಯ ವಾಕ್ಯವನ್ನು ಅನುಮತಿಯೆಂದು ಭಾವಿಸಿ ಈ ಅರ್ಜಿಯನ್ನು ಸಲ್ಲಿಸಲಾಗಿದೆ. ತಾವು ಅಮೆರಿಕಕ್ಕೆ ಬರುವ ಮುನ್ನ ಹನ್ನೊಂದು ವರ್ಷ ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿದ್ದವರು. ಮಗಳು ಆರನೇ ಕ್ಲಾಸಿನಲ್ಲಿ ಪಿಕ್‌ನಿಕ್ಕಿಗೆ ಹೋಗಬೇಕೆಂದಾಗಲೂ ಅರ್ಜಿ ಬರೆಸಿಕೊಂಡು, ಸಹಿ ಹಾಕಿ, ಫೈಲು ಮಾಡಿದವರು. "ಅಪ್ಪಂಗೆ ಬಾಯಲ್ಲಿ ಹೇಳಿದ್ರೆ ಕಿವೀಗೇ ಹೋಗಲ್ಲ. ಪೇಪರಲ್ಲಿ ಕೊಟ್ರೆ ಎರಡು ಸಲ ಓದ್ತಾರೆ" ಎಂದು ಹರ್ಷಿತಾ ಹೇಳಿರುತ್ತಾಳೆ. ಆದ್ದರಿಂದ ಈ ಪೇಪರು.

1. ಅರ್ಜಿದಾರನ ಬಳಿ ಒಂದು ಕಾರು ಇರುತ್ತದೆ. 1992ರ ಮಾದರಿ, ಎರಡು ಬಾಗಿಲು, ಮೂರೇ ಸಿಲಿಂಡರು, ಬಣ್ಣ ಒಂದು ಕಾಲಕ್ಕೆ ಹಸಿರು. ಒಂದು ಗ್ಯಾಲನ್ನಿಗೆ ನಲವತ್ತೈದು ಮೈಲಿ ಓಡುತ್ತದೆ. ಎ.ಸಿ. ಹಾಕಿದರೆ ಏರು ಹತ್ತುವುದಿಲ್ಲ, ಏರು ಹತ್ತಬೇಕಾದರೆ ಎ.ಸಿ. ಹಾಕುವಂತಿಲ್ಲ, ಇದೊಂದು ಒಪ್ಪಂದವನ್ನು ಪಾಲಿಸಿದರೆ ಅದರಷ್ಟು ಸಾಧು ಇನ್ನೊಂದಿಲ್ಲ. ಆದರೆ ಈ ಊರಿನಲ್ಲಿ ಕಳೆದ ಮೂರು ವರ್ಷದಿಂದ ಕಂಪನಿಯ ಶೇರು ಮೇಲೇರಿದ ಹಾಗೆಲ್ಲ ಜನರ ಕಾರೂ ಮೇಲೇರಿ, ಈಗ ಒಬ್ಬೊಬ್ಬರೂ ಏಣಿ ಇಟ್ಟು ಹತ್ತುವಂಥ ಗಾಡಿಯಲ್ಲಿ ಒಬ್ಬೊಬ್ಬರೇ ಕೂತು ಆಫೀಸಿಗೆ ಹೋಗುತ್ತಿರುವುದು ತಮಗೆ ತಿಳಿದೇ ಇದೆ. ಅರ್ಜಿದಾರನ ರೂಮ್‌ಮೇಟ್ ಅಜಯ್ ಮತ್ತು ಪಕ್ಕದ ಅಪಾರ್ಟ್‌ಮೆಂಟಿನ ರಮೇಶ್ ಎಂಬಿಬ್ಬರು "ಸಾಗರ, ಕಾರನ್ನ ಕೆಳಗ್ಯಾಕೆ ಬಿಟ್ಟೆ, ಲಿಫ್ಟಲ್ಲಿ ಮೇಲಕ್ಕೇ ತಗೊಂಡ್ ಬಾರೋ" ಎಂದು ಗೇಲಿ ಮಾಡುತ್ತಿದ್ದರು. ಸೋಮವಾರ ಬೆಳಿಗ್ಗೆ ಬಾರ್ಟ್ ಸ್ಟೇಷನ್ನಿನ ಪಾರ್ಕಿಂಗು ತುಂಬಿ, ಕಂಬದ ಪಕ್ಕ ಮುಕ್ಕಾಲು ಕಾರಿನಷ್ಟೇ ಜಾಗ ಉಳಿದಾಗ ಇದೇ ಮಹನೀಯರು ಇದೇ ಕಾರಿನ ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಿರುತ್ತಿದ್ದರು.

2. ಅರ್ಜಿದಾರನಿಗೆ ತಮ್ಮ ಮನೆಯ ಪ್ರಸ್ತಾಪ ಬಂದಾಗ ಕೇಳಿದವರೆಲ್ಲ ಒಂದೇ ಮಾತು: "ಡ್ಯಾನ್‌ವಿಲ್‌ನವರಾ! ಸಾಹುಕಾರ್ರ ಊರು! ಈ ಡಬ್ಬೀಲಿ ಹೋಗ್ಬೇಡ ಮಾರಾಯ, ತರಕಾರಿ ತಂದಿದಾನೆ ಅನ್ಕೊಂಡ್ಬಿಟ್ಟಾರು." ಇಂಥ ಸಂದರ್ಭಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಏರ್ಪಾಡು ಇರುತ್ತದೆ. ಫ್ರೀಮಾಂಟಿನಲ್ಲಿ ದಿನಸಿ ಅಂಗಡಿ ಇಟ್ಟಿರುವ, ಮೂಲತಃ ಮೈಸೂರಿನವರಾದ ಶ್ರೀ ಇನಾಯತುಲ್ಲಾ ಅವರ ಬಳಿ ಕಪ್ಪನೆಯ, ಚರ್ಮದ ಸೀಟಿನ, ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುವಷ್ಟು ಫಳಫಳಿಸುವ ಕಾರೊಂದಿದ್ದು, ಅದನ್ನು ಅವರು ಹೆಣ್ಣು ನೋಡಲು ಹೊರಟ ಹುಡುಗರಿಗೆ ಕೇಳಿದಾಗಲೆಲ್ಲ ಕೊಡುತ್ತಾರೆ. "ತಗೊಂಡ್ ಹೋಗಪ್ಪಾ, ಒಳ್ಳೇ ಕೆಲಸಕ್ಕಿಲ್ದೆ ಇನ್ಯಾತಕ್ಕೆ ಈ ಗಾಡಿ?" ಎಂದು ಕೀ ಎಸೆಯುತ್ತಾರೆ. ಯಾರ ಮನೆಗೆ ಎಂದು ಕೇಳುವುದಿಲ್ಲ. ಅವರ ಪತ್ನಿ ಬದರುನ್ನಿಸಾ ಅವರು ಮಾತ್ರ "ಯಾರದು ಅಂತ ಅವರು ಕೇಳಿದ್ರೆ ನಿಜ ಹೇಳ್ಬಿಡು ಮಗಾ" ಎಂದು ಹೇಳಿ ಕಳಿಸಿದ್ದರು. ಆ ಒಳ್ಳೆಯ ಮಾತನ್ನು ಅರ್ಜಿದಾರನು ಗಾಳಿಗೆ ತೂರಿರುತ್ತಾನೆ.

3. ದಿ. 12-11-2000ರ ಭಾನುವಾರ ತಮ್ಮ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಕಾಫಿಯೊಂದಿಗೆ ನಡೆದ ಸಂದರ್ಶನದಲ್ಲಿ ತಾವು ಅರ್ಜಿದಾರನ ಊರು, ಮನೆತನ, ಓದು, ಕೆಲಸ ಇವಿಷ್ಟಕ್ಕೂ ಸೇರಿ ನಾಲ್ಕು ನಿಮಿಷ ಕೊಟ್ಟಿದ್ದೀರಿ. ಕಾರಿಗೆ ಇಪ್ಪತ್ತೈದು ನಿಮಿಷ. ಎದ್ದು ಹೋಗಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ದೀರಿ. ತಮ್ಮದೇ ಗಾಡಿ ಆಗ ಗ್ಯಾರೇಜಿನೊಳಗೆ ಪೂರ್ತಿ ಹಿಡಿಸದೆ ಎರಡು ಅಡಿ ಹೊರಕ್ಕೆ ಚಾಚಿಕೊಂಡಿತ್ತು. ಗ್ಯಾರೇಜಿನ ಬಾಗಿಲು ಅದರ ಬೆನ್ನ ಮೇಲೆ ಅರ್ಧಕ್ಕೆ ನಿಂತಿತ್ತು. ಅರ್ಜಿದಾರನು ಅದನ್ನು ನೋಡಿಯೂ ನೋಡದವನಂತೆ ಇದ್ದನೆಂಬ ಸೌಜನ್ಯವನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಆಮೇಲೆ ತಾವು ನಂಬರ್ ಪ್ಲೇಟಿನ ಮುಂದೆ ನಿಂತಿರಿ. ಶ್ರೀ ಇನಾಯತುಲ್ಲಾ ಅವರು ಊರಿನ ಮೇಲಿನ ಪ್ರೀತಿಗೆ ಹೆಚ್ಚಿನ ಫೀಸು ಕಟ್ಟಿ, ನಂಬರಿನ ಜಾಗದಲ್ಲಿ ಮೈಸೂರು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿ, ಅದರ ಮುಂದೆ ಏಳು ಎಂಬ ಅಂಕಿ ಹಾಕಿಸಿದ್ದಾರೆ. ತಾವು ಮೆತ್ತಗೆ ಕೇಳಿದಿರಿ: "ಏನಪ್ಪಾ, ಮೈಸೂರೇ?"

"ಅಂದ್ರೆ... ಮೈಸೂರಿನ ಮೇಲೆ ಅಭಿಮಾನ ಸಾರ್. ನಮ್ದು ಕೆ.ಆರ್. ಪೇಟೆ" ಎಂದು ಅರ್ಜಿದಾರ.

"ಅಲ್ಲಪ್ಪಾ, ಮೈಸೂರಿನ ಮೇಲೆ ಎಷ್ಟು ಜನಕ್ಕಪ್ಪಾ ಅಭಿಮಾನ ಈ ದೇಶದಲ್ಲಿ? ಜೂನಲ್ಲಿ ಒಬ್ಬ ಬಂದಿದ್ದ, ಹುಟ್ಟಿದ್ದೇ ಮೈಸೂರು ಅಂದ. ಸೆಪ್ಟೆಂಬರಲ್ಲಿ ಇನ್ನೊಬ್ಬ, ತಾಯಿ ತೌರು ಮೈಸೂರು ಅಂದ. ಇದೇ ಕಾರು. ಇದೇ ನಂಬರು. ನೀನು ಮೂರನೆಯವನು!"

ಮನೆಗೆ ಬಂದ ಪ್ರತಿ ಕಾರಿನ ನಂಬರನ್ನೂ ತಾವು ಡೈರಿಯಲ್ಲಿ ಬರೆದಿಡುತ್ತೀರೆಂಬುದು ಅರ್ಜಿದಾರನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಆ ಮೊದಲಿಬ್ಬರು ಅಜಯ್ ಮತ್ತು ರಮೇಶ್ ಎಂಬುದೂ ತಿಳಿದಿರಲಿಲ್ಲ. ಕಾರಣ, ನಮ್ಮ ಬ್ರಹ್ಮಚಾರಿಗಳು ಅಕ್ಕಿ, ಬೇಳೆ, ಟೈ, ಕಾರು ಎಲ್ಲ ಹಂಚಿಕೊಳ್ಳುತ್ತಾರೆ. ಹೆಣ್ಣಿನ ಮನೆಯ ವಿಚಾರ ಮಾತ್ರ ಊರಿನ ಹೆಸರಿನಾಚೆ ಒಬ್ಬರಿಗೊಬ್ಬರು ಹೇಳುವುದಿಲ್ಲ. ಬೇಡವೆಂದರೆ ಮುಖ ಎಲ್ಲಿಡುವುದು ಎಂಬ ಭಯ. ಅಂದು ಅರ್ಜಿದಾರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲಲ್ಲಿ ಮಗಳೊಂದಿಗೆ ನಿಂತಿದ್ದ ಶ್ರೀಮತಿ ರಮಾ ಅವರು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದರು. ಹರ್ಷಿತಾ ಓಡಲಿಲ್ಲ. ಅಲ್ಲೇ ನಿಂತು ಬಿದ್ದು ಬಿದ್ದು ನಕ್ಕಳು. ಸುಳ್ಳು ಹೇಳಿದ್ದು ಅರ್ಜಿದಾರನ ತಪ್ಪು. ಇದರಲ್ಲಿ ಎರಡು ಮಾತಿಲ್ಲ.

4. ಇನ್ನು ಮುಂದಿನದು ತಮ್ಮ ಗಮನಕ್ಕೆ ಬಾರದೇ ನಡೆದದ್ದು. ಓದುವಾಗ ಕುಳಿತುಕೊಳ್ಳಬೇಕಾಗಿ ವಿನಂತಿ.

ಮೂರು ದಿನದ ನಂತರ ಹರ್ಷಿತಾಳಿಂದ ಒಂದು ಸಾಲಿನ ಇ-ಮೇಲ್ ಬಂತು: ನಿಮ್ಮ ನಿಜವಾದ ಕಾರು ಯಾವುದು, ಅದರಲ್ಲಿ ಬನ್ನಿ. ಅವಳು ಭಾನುವಾರವೊಂದು ಬಿಟ್ಟು ಉಳಿದ ದಿನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೆಳತಿ ಅಕ್ಷಯಾಳ ಜೊತೆ ಇರುವಳಾದ್ದರಿಂದ ಅರ್ಜಿದಾರನು ಶನಿವಾರ ಅಲ್ಲಿಗೆ ಹೋದನು. ಆ ದಿನ ಅವಳು ತಮ್ಮ ದೊಡ್ಡ ಗಾಡಿಯನ್ನು ತಂದಿದ್ದಳು. ಪಾರ್ಕಿಂಗಿಗಾಗಿ ಒಂದೇ ಗುಡ್ಡವನ್ನು ಐವತ್ತು ನಿಮಿಷ ಸುತ್ತಿ, ಅಳುವುದೊಂದು ಬಾಕಿ. ಅರ್ಜಿದಾರನು ಎರಡು ಮನೆಗಳ ಡ್ರೈವ್‌ವೇ ನಡುವೆ, ಒಂದು ಹಸು ಮಲಗುವಷ್ಟು ಜಾಗದಲ್ಲಿ, ಒಂದೇ ಸಲಕ್ಕೆ ಕಾರು ತೂರಿಸಿ, ಬಾಯ್ತುಂಬ ನಗುತ್ತಾ ಇಳಿದನು. ಅವಳು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಚಪ್ಪಾಳೆ ತಟ್ಟಿದಳು.

"ಓ ಮೈ ಗಾಡ್, ಪಾರ್ಕಿಂಗ್ ಸಿಕ್ಕಿದ್ದಕ್ಕೆ ಇಷ್ಟು ಖುಷೀನಾ? ನಮ್ಮಪ್ಪ ಶೇರ್ ಡಬಲ್ ಆದಾಗ್ಲೂ ಇಷ್ಟು ನಕ್ಕಿರ್ಲಿಲ್ಲ" ಎಂದಳು.

ಅಂದಿನಿಂದ ಇಂದಿನವರೆಗೆ ಹದಿನೆಂಟು ಶನಿವಾರಗಳು. ಅವಳು ಸದರಿ ಕಾರಿನಲ್ಲಿ ಗೇರ್ ಹಾಕುವುದನ್ನು ಕಲಿತಿದ್ದಾಳೆ. ಕಿಟಕಿ ಇಳಿಸಲು ಕೈಯಲ್ಲಿ ತಿರುಗಿಸಬೇಕೆಂಬುದನ್ನು ನೋಡಿ ಹತ್ತು ನಿಮಿಷ ಸುಮ್ಮನೆ ತಿರುಗಿಸಿದ್ದಾಳೆ. ಅಷ್ಟು ಸಣ್ಣ ಕಾರಿನಲ್ಲಿ ಜಗಳವಾಡಿದರೂ ದೂರ ಕೂರಲು ಜಾಗವಿಲ್ಲ; ಬೇಗ ರಾಜಿಯಾಗುತ್ತದೆ. ಅರ್ಜಿದಾರನಿಗೆ ಹರ್ಷಿತಾ ಬೇಕು, ಅವಳಿಲ್ಲದೆ ಆಗುವುದಿಲ್ಲ. ಇದಕ್ಕೆ ಕಚೇರಿಯ ಭಾಷೆಯಲ್ಲಿ ಸೂಕ್ತ ಪದ ಹುಡುಕಿ ಸಿಗದ ಕಾರಣ ಹೀಗೇ ಬರೆದಿದೆ. ಆದರೆ ಅವಳದು ಒಂದೇ ಷರತ್ತು: "ಅಪ್ಪ ಎಸ್ ಅನ್ನದೆ ನಾನು ಮದ್ವೆ ಆಗಲ್ಲ. ಓಡಿ ಹೋಗೋದೆಲ್ಲ ನಂಗಾಗಲ್ಲ."

5. ಈ ನಡುವೆ ಫೆಬ್ರವರಿಯಲ್ಲಿ ತಮ್ಮ ಕಂಪನಿ ಬಾಗಿಲು ಹಾಕಿತು. ಇದರಲ್ಲಿ ಅರ್ಜಿದಾರನಿಗೆ ಕಿಂಚಿತ್ತೂ ಸಂತೋಷವಿಲ್ಲ. ಅವನ ಆಫೀಸಿನಲ್ಲೂ ಅರ್ಧ ಕುರ್ಚಿಗಳು ಖಾಲಿ. ತಮ್ಮ ದೊಡ್ಡ ಗಾಡಿ ತಿಂಗಳ ಬಾಡಿಗೆಯ ಲೀಸಿನದಾಗಿದ್ದು, ಯಾರದೋ ಅವರಿಗೆ ಹಿಂದಿರುಗಿತು. ಈಗ ತಮ್ಮ ಗ್ಯಾರೇಜಿನ ಬಾಗಿಲು ಪೂರ್ತಿ ಮುಚ್ಚುತ್ತದೆ.

ಹೀಗಿರುವಾಗ ನ್ಯೂಜೆರ್ಸಿಯಿಂದ ಹೊಸ ವರನ ಕಡೆಯವರು ಇಂದು ಮಧ್ಯಾಹ್ನ ಮೂರಕ್ಕೆ ಹರ್ಷಿತಾಳನ್ನು ನೋಡಲು ವಿಮಾನದಲ್ಲಿ ಬಂದಿಳಿಯುವವರಿದ್ದಾರೆ. ಅವರನ್ನು ಕರೆತರಲು ಶ್ರೀಮತಿ ರಮಾ ಅವರ ಹಳೇ ಕಾರು ತಮಗೆ ಶೋಭೆಯೆನಿಸಲಿಲ್ಲ. ಮೊನ್ನೆ ತಾವು ಶ್ರೀ ಇನಾಯತುಲ್ಲಾ ಅವರಿಗೆ ಫೋನು ಮಾಡಿದಿರಿ. ನವೆಂಬರಿನಲ್ಲಿ ಕಾರಿನ ಮಾಲೀಕರನ್ನು ಬೈಯಲೆಂದು ತಾವು ಹುಡುಕಿಟ್ಟುಕೊಂಡ ಫೋನ್ ನಂಬರು ಈಗ ಉಪಯೋಗಕ್ಕೆ ಬಂದಿರುತ್ತದೆ. ಸ್ಪೀಕರ್ ಹಾಕಿತ್ತು. ಅರ್ಜಿದಾರನು ಅವರ ಅಂಗಡಿಯಲ್ಲಿ ಬೆಲ್ಲ ಕೊಳ್ಳುತ್ತಾ ನಿಂತಿದ್ದನು.

"ಇನಾಯತ್ ಸಾಹೇಬ್ರೇ, ಒಂದಿನದ ಮಟ್ಟಿಗೆ... ಗಾಡಿ ನಂದೇ ಅನ್ನೋ ಹಾಗೆ..."

"ಅಯ್ಯೋ, ಅದಕ್ಯಾಕ್ ಸಾರ್ ಅಷ್ಟು ಸಂಕೋಚ! ಒಳ್ಳೇ ಕೆಲಸ. ಶನಿವಾರ ನಂಗೆ ಅಂಗಡಿ. ಹುಡುಗನ್ನ ಕಳಿಸ್ತೀನಿ, ಕೀ ತಂದ್ಕೊಡ್ತಾನೆ."

ಆ ಹುಡುಗ ಅರ್ಜಿದಾರನೇ. ಕೀ ಕೈಗಿಡುವಾಗ ಬದರುನ್ನಿಸಾ ಅವರು "ಈ ಸಲಿ ಬಾಯ್ಬಿಟ್ಟು ಮಾತಾಡ್ಲಿಲ್ಲ ಅಂದ್ರೆ ಮನೆ ಕಡೆ ತಲೆ ಹಾಕ್ಬೇಡ" ಎಂದು ಎಚ್ಚರಿಸಿದ್ದಾರೆ. ಆದಕಾರಣ ಈ ಅರ್ಜಿಯು ಸದರಿ ಕೀಯೊಂದಿಗೆ ತಮ್ಮ ಕೈಸೇರುತ್ತಿದೆ.

6. ಮೇಲ್ಕಂಡ ಸಂಗತಿಗಳನ್ನು ಉಲ್ಲೇಖ (2)ರ ತಮ್ಮ ಆದೇಶದೊಂದಿಗೆ ಓದಿಕೊಂಡಾಗ ಎರಡೇ ದಾರಿ ಕಾಣುತ್ತವೆ.

ಅ) ಆದೇಶ ಜಾರಿಯಲ್ಲಿದ್ದರೆ, ಬೇರೆಯವರ ಕಾರಿನಲ್ಲಿ ಹೋದವನಿಗೆ ಈ ಸಂಬಂಧದಲ್ಲಿ ಯೋಗ್ಯತೆಯಿಲ್ಲ. ಹಾಗಾದರೆ ಅರ್ಜಿದಾರನು ಅನರ್ಹ. ಇಂದು ಮಧ್ಯಾಹ್ನ ಮೂರರ ನಂತರ ತಾವೂ ಅನರ್ಹರು. ಹುಡುಗಿಯ ತಂದೆಯಾಗಿ ಮಾತಾಡಲು ಬೇರೆ ಯಾರನ್ನಾದರೂ ನೇಮಿಸಬೇಕಾಗುತ್ತದೆ.

ಆ) ಆದೇಶ ರದ್ದಾದರೆ ಇಬ್ಬರಿಗೂ ಕ್ಷಮೆ. ಜನ ಏನೆಂದುಕೊಂಡಾರೋ ಎಂದು ಹೆದರಿ ಒಂದು ದಿನ ಇನ್ನೊಬ್ಬರ ಕಾರಿನಲ್ಲಿ ಕೂತದ್ದು ಇಬ್ಬರದೂ ಒಂದೇ ತಪ್ಪು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ (ಆ)ಯನ್ನು ಪುರಸ್ಕರಿಸಬೇಕಾಗಿಯೂ, ಅರ್ಜಿದಾರನು ಮುಂದಿನ ಭಾನುವಾರ ತನ್ನ ತಂದೆ ತಾಯಿಯ ಪರವಾಗಿ, ತನ್ನದೇ ಹಸಿರು ಕಾರಿನಲ್ಲಿ ಬಂದು, ಅದನ್ನು ಮೂಲೆಯಾಚೆ ಬಚ್ಚಿಡದೆ ತಮ್ಮ ಮನೆಯ ಎದುರಿಗೇ ನಿಲ್ಲಿಸಿ, ಹೆಣ್ಣು ಕೇಳಲು ಅನುಮತಿ ನೀಡಬೇಕಾಗಿಯೂ ವಿನಂತಿ. ತಿರಸ್ಕರಿಸುವುದಾದರೆ, ಕಾರಣವನ್ನು ಲಿಖಿತವಾಗಿ ತಮ್ಮ ಮಗಳಿಗೇ ಕೊಡಬೇಕು. ಅರ್ಜಿದಾರನ ಕೈಯಲ್ಲಿ ಅವಳಿಗೆ ಹೇಳಲಾಗುವುದಿಲ್ಲ.

ತಮ್ಮ ವಿಶ್ವಾಸಿ
(ಸದ್ಯಕ್ಕೆ ವಿಶ್ವಾಸ ಒಂದೇ ಕಡೆಯದು),
ಸಹಿ/-
ಸಾಗರ್

ಅಡಕಗಳು:
1. ಕಪ್ಪು ಕಾರಿನ ಕೀ, ಒಂದು. ಟ್ಯಾಂಕು ತುಂಬಿಸಿದೆ.
2. ಹಸಿರು ಕಾರಿನ ಮಾಲೀಕತ್ವದ ಕಾಗದದ ಜೆರಾಕ್ಸು. ಇದರಲ್ಲಿ ಬ್ಯಾಂಕಿನ ಹೆಸರಿಲ್ಲ, ಲೀಸಿನವರ ಹೆಸರಿಲ್ಲ. ಅರ್ಜಿದಾರನದು ಮಾತ್ರ ಇದೆ.
3. ಬದರುನ್ನಿಸಾ ಅವರು ಕಳಿಸಿದ ಶಾವಿಗೆ ಪಾಯಸ, ಒಂದು ಡಬ್ಬಿ. ತೀರ್ಮಾನ ಏನೇ ಇರಲಿ ಡಬ್ಬಿ ವಾಪಸ್ಸು ಬೇಕಂತೆ.

ವಿಶೇಷ ಸೂಚನೆ (ತಮ್ಮ ಮನೆಯ ಎದುರು ನಿಂತು ಸೇರಿಸಿದ್ದು): ಕಪ್ಪು ಕಾರನ್ನು ಇಲ್ಲೇ ಬಿಟ್ಟು ಹೋಗುವ ಅರ್ಜಿದಾರನನ್ನು ವಾಪಸ್ಸು ಕರೆದೊಯ್ಯಲು ಹಿಂದೆಯೇ ಹಸಿರು ಕಾರೂ ಬಂದಿದ್ದು, ಅದನ್ನು ಓಡಿಸಿಕೊಂಡು ಬಂದವಳು ಹರ್ಷಿತಾ. ಅವಳು ಇಳಿಯುತ್ತಿಲ್ಲ. ಮಧ್ಯಾಹ್ನದವರ ಮುಂದೆ ಕಾಫಿ ತಟ್ಟೆ ಹಿಡಿದು ಬರುವುದೋ ಬಿಡುವುದೋ, ಅಪ್ಪ ಮೊದಲು ಬಂದು ತನ್ನ ಪಕ್ಕದ ಸೀಟಿನಲ್ಲಿ ಐದು ನಿಮಿಷ ಕೂರಲಿ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದಾಳೆ. ಅರ್ಜಿದಾರನು ಎಷ್ಟು ಹೇಳಿದರೂ ಕೇಳದೆ, ಅತ್ತ ತಿರುಗಿ ಕಣ್ಣೊರೆಸಿಕೊಂಡಿರುತ್ತಾಳೆ. ಅರ್ಜಿದಾರನು ಆ ಸೀಟನ್ನು ತಮಗಾಗಿ ಹಿಂದಕ್ಕೆ ಸರಿಸಿ, ಫುಟ್‌ಪಾತಿನ ಮೇಲೆ ನಿಂತಿದ್ದಾನೆ. ಚಪ್ಪಲಿ ಹಾಕಿಕೊಂಡು ಬರಬೇಕಾಗಿ ವಿನಂತಿ.