ಸುಮ್ಮನೆ ಬಿಸಿಯಾಗುವ ಕಾಳು

ಅಂದಿನ ರಂಪಕ್ಕೆಲ್ಲ ಮೂಲ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ರೆಸಿಸ್ಟರ್. ಬೆಳಿಗ್ಗೆ ಹತ್ತೂಕಾಲಿಗೆ ಮ್ಯಾನೇಜರು ಅದರ ಮೇಲೆ ಬೆರಳಿಟ್ಟರು. ಬೆರಳು ಚುರ್ ಎಂದಿತು. ಸುರುಳಿಯ ಗ್ರಹಚಾರ ಕೆಟ್ಟಿದ್ದು ಆ ಚುರ್‌ನಿಂದಲೇ.

ಸುರುಳಿ ಅವನ ಹೆಸರಲ್ಲ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಅಂಗಿಗುಂಡಿಯಷ್ಟು ಗಾತ್ರದ ಕಾಯಿಲ್ ಆಗಿ ದಿನವಿಡೀ ಸುತ್ತುತ್ತ ಕೂರುವವನಿಗೆ ಕಾರ್ಖಾನೆ ಇಟ್ಟ ಹೆಸರು. ಬಸ್ ಕಂಡಕ್ಟರು ಕೈಯಲ್ಲಿ ಹಿಡಿಯುವ ಟಿಕೆಟ್ ಯಂತ್ರಕ್ಕೆ ಪವರ್ ಸಪ್ಲೈ ರೂಪಿಸುವುದು ಅವನ ಕೆಲಸ. ಬ್ಯಾಟರಿ ಒಂದೇ, ಉಣ್ಣುವ ಬಾಯಿ ಮೂರು. ಪರದೆಗೆ ಮೂರು ವೋಲ್ಟು, ರೇಡಿಯೋಗೆ ಐದು, ಪ್ರಿಂಟರಿಗೆ ಒಂಬತ್ತು. ಒಬ್ಬರಿಗೆ ಒಂದು ತುತ್ತು ಹೆಚ್ಚು ಬಡಿಸಿದರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ. ಇಷ್ಟನ್ನೂ ಸೋಪಿನ ಡಬ್ಬಿಯಲ್ಲಿ ಕೂರಿಸು ಎಂದರು, ಕೂರಿಸಿದ. ಬೆಂಕಿಪೊಟ್ಟಣದಲ್ಲಿ ಕೂರಿಸು ಎಂದರು, ಕೂರಿಸಿದ. ಕಳೆದ ವಾರ ಯಂತ್ರದ ಹೊರಕವಚ ಮಾಡುವವನು ಬಂದು, ಅಂದ ಕೆಡುತ್ತದೆಂದು ಆ ಬೆಂಕಿಪೊಟ್ಟಣದಲ್ಲೂ ಎರಡು ಮಿಲಿಮೀಟರ್ ಕಿತ್ತುಕೊಂಡು ಹೋದ.

ಈ ಬಗೆಯ ಸಪ್ಲೈ ಕರೆಂಟನ್ನು ಸೆಕೆಂಡಿಗೆ ಲಕ್ಷ ಸಲ ಆನ್ ಮಾಡಿ, ಆಫ್ ಮಾಡಿ ಕೆಲಸ ತೆಗೆಯುತ್ತದೆ. ಕಂಪನಿಯೂ ಸುರುಳಿಯನ್ನು ಹನ್ನೊಂದು ತಿಂಗಳಿಗೊಮ್ಮೆ ಆಫ್ ಮಾಡಿ, ಒಂದು ದಿನ ಬಿಟ್ಟು ಆನ್ ಮಾಡಿ ಕೆಲಸ ತೆಗೆಯುತ್ತಿತ್ತು. ಆರು ವರ್ಷದಿಂದ ಅವನು ಗುತ್ತಿಗೆ ನೌಕರ. ಆ ಒಂದು ದಿನದ ನಿರುದ್ಯೋಗದ ವಾಸನೆ ಅವನ ಅತ್ತೆಗೆ ಅದು ಹೇಗೋ ಹತ್ತಿ, ಅಳಿಯಂದಿರು ಈಗ ಕೆಲಸದಲ್ಲಿದ್ದಾರೋ ಇಲ್ಲವೋ ಎಂದು ಮಗಳಿಗೆ ಫೋನು ಮಾಡುತ್ತಿದ್ದರು.

ಈ ಸಲದ ಹನ್ನೊಂದು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಆದರೆ ಸೆಕ್ಷನ್ನಿಗೆ ಒಂದೇ ಒಂದು ಕಾಯಂ ಹುದ್ದೆ ಬಂದಿತ್ತು. ಮೂರು ಗಂಟೆಗೆ ದೊಡ್ಡ ಸಾಹೇಬರು ಬಂದು ಯಂತ್ರ ನೋಡುತ್ತಾರೆ, ಮೆಚ್ಚಿದರೆ ನಿಂತಲ್ಲೇ ಕಾಯಂ ಆರ್ಡರಿಗೆ ಸಹಿ. ಬೆಳಿಗ್ಗೆ ಊಟದ ಡಬ್ಬಿ ಕೈಗಿಡುತ್ತ ಹೆಂಡತಿ ಹೇಳಿದ್ದಳು: "ಇವತ್ತೊಂದಿನ ಯಾರ ಹತ್ರಾನೂ ವಾದ ಮಾಡ್ಬೇಡಿ. ಏನ್ ಹೇಳಿದ್ರೂ ಹೂಂ ಅನ್ನಿ."

"ಏನ್ರೀ ಇದು, ಕೆಂಡ ಇದ್ದ ಹಾಗಿದೆ?" ಮ್ಯಾನೇಜರು ಬೆರಳು ಊದಿಕೊಂಡರು.

"ಡಮ್ಮಿ ಲೋಡ್ ಸಾರ್."

"ಏನ್ ಕೆಲ್ಸ ಮಾಡುತ್ತೆ?"

"ಏನೂ ಮಾಡಲ್ಲ ಸಾರ್. ಸುಮ್ನೆ ಕೂತು ಬಿಸಿಯಾಗುತ್ತೆ. ಆದ್ರೆ ಅದು..."

"ಎಲ್ಲಾರೂ ದುಡಿಯೋ ಜಾಗದಲ್ಲಿ ಸುಮ್ನೆ ಕೂರೋಕೆ ಇದೇನು ಮನೆ ಅಳಿಯಾನಾ? ತೆಗೀರಿ."

ಅವರ ಬೆನ್ನ ಹಿಂದೆಯೇ, ಫ್ಯಾನಿನ ಎದುರು, ಅವರ ಭಾವಮೈದ ಎರಡು ಕುರ್ಚಿಯ ಮೇಲೆ ಒಂದು ಮೈಯನ್ನು ಹರಡಿಕೊಂಡು ತೂಕಡಿಸುತ್ತಿದ್ದ. ಮೂರು ವರ್ಷದ ಹಿಂದೆ ಅವನನ್ನು ಸಮನ್ವಯಕ್ಕೆಂದು ತಂದು ಕೂರಿಸಿದ್ದರು. ಯಾವುದರ ಜೊತೆ ಯಾವುದರ ಸಮನ್ವಯ ಎಂದು ಯಾರೂ ಕೇಳಿರಲಿಲ್ಲ.

ಪ್ರಿಂಟರ್ ಸುಮ್ಮನಿದ್ದಾಗ ಅದರ ಲೈನಿನ ಮೇಲೆ ಏನಾದರೊಂದು ಹೊರೆ ಇರಬೇಕು, ಇಲ್ಲದಿದ್ದರೆ ಒಂಬತ್ತು ವೋಲ್ಟು ಹದಿನಾಲ್ಕಕ್ಕೆ ಉಬ್ಬಿ, ಬಿಸಿಯಿಂದ ಅಕ್ಷರ ಮೂಡಿಸುವ ಪ್ರಿಂಟರ್ ಕಾಗದವನ್ನೇ ಸುಡುತ್ತದೆ. ಸುರುಳಿಯ ನಾಲಿಗೆಯ ತುದಿಗೆ ಇದೆಲ್ಲ ಬಂದಿತ್ತು. ಹೆಂಡತಿಯ ಮಾತು ನೆನಪಾಗಿ "ಹೂಂ" ಎಂದ. ಬೆಸುಗೆ ಕಾಯಿಸಿ, ಚಿಮಟದಲ್ಲಿ ಕಾಳನ್ನು ಎತ್ತಿದ. ಅಷ್ಟರಲ್ಲಿ ಭಾವಮೈದನಿಗೆ ಸೆಖೆಯಾಯಿತು. ಕೂತಲ್ಲಿಂದಲೇ ಕಾಲ್ಬೆರಳಲ್ಲಿ ಫ್ಯಾನಿನ ಗುಂಡಿ ಒತ್ತಿ ಪೂರ್ತಿ ಜೋರು ಮಾಡಿದ. ಕಾಳು ಹಾರಿತು. ಮೇಜಿನಡಿ ತೆವಳಿ ಹುಡುಕಿದ ಸುರುಳಿಗೆ ಸಿಕ್ಕಿದ್ದು ಎರಡು ಸ್ಕ್ರೂ, ಭಾವಮೈದನ ಒಂದು ಚಪ್ಪಲಿ.

ಹನ್ನೊಂದೂವರೆಗೆ ಪರೀಕ್ಷೆ. ಯಂತ್ರ ನಾಲಿಗೆ ಚಾಚಿದ ಹಾಗೆ ಮೊದಲ ಟಿಕೆಟ್ಟನ್ನು ಹೊರಹಾಕಿತು. ಬಾಣಲೆಯ ತಳದಂತೆ ಕಪ್ಪು. ಎರಡನೆಯದರಲ್ಲಿ ಸುಟ್ಟ ವಾಸನೆಯೂ ಸೇರಿತ್ತು.

"ಪ್ಯಾಸೆಂಜರು ಇದನ್ನ ಓದ್ಬೇಕಾ, ಕಣ್ಣಿಗೆ ಹಚ್ಕೊಳ್ಬೇಕಾ?" ಎಂದರು ಮ್ಯಾನೇಜರು. ಕಾಳು ಕಿತ್ತದ್ದರಿಂದಲೇ ಹೀಗಾಯಿತು ಎಂದು ಸುರುಳಿ ಹೇಳಿದ್ದಕ್ಕೆ, ತಮ್ಮ ಮೇಲೆ ತಪ್ಪು ಹೊರಿಸುವ ಚಾಳಿ ಬಿಟ್ಟು ಮೂರರೊಳಗೆ ಸರಿ ಮಾಡಬೇಕೆಂದು ಹೇಳಿ ಕ್ಯಾಬಿನ್ ಸೇರಿದರು. ಭಾವಮೈದನೂ ಒಂಟಿ ಚಪ್ಪಲಿಯಲ್ಲಿ ಹಿಂಬಾಲಿಸಿದ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅದು ಹತ್ತಿದರೆ ಮ್ಯಾನೇಜರು ಮಹತ್ವದ ಕೆಲಸದಲ್ಲಿದ್ದಾರೆಂದು ಅರ್ಥ. ಬಾಗಿಲು ತಟ್ಟುವ ಹಾಗಿಲ್ಲ.

ಸುರುಳಿ ಸ್ಟೋರಿಗೆ ಓಡಿದ. ಸ್ಟೋರಿನ ಅಕ್ಕ ಕನ್ನಡಕದ ಮೇಲಿಂದ ನೋಡಿದಳು. ಅಂಥ ರೆಸಿಸ್ಟರು ಅವಳ ಬಳಿ ಐದು ಸಾವಿರ ಇದ್ದವು.

"ಒಂದೇ ಒಂದು ಕೊಡಕ್ಕಾ. ಉಸಿರುಬಿಟ್ರೆ ಹಾರಿಹೋಗುತ್ತೆ, ಅಷ್ಟಿದೆ."

"ಕಾಳಾದ್ರೇನು, ಕಂಬ ಆದ್ರೇನು ಕಣಪ್ಪಾ, ಚೀಟಿ ಮೇಲೆ ಮ್ಯಾನೇಜರ ಸಹಿ ಬೇಕು. ನಾನು ಕಾಯಂ ಆಗಿರೋದೇ ಹೀಗೆ ಇಲ್ಲ ಇಲ್ಲ ಅಂದು."

ಚೀಟಿ ಬರೆದು ಕ್ಯಾಬಿನ್ನಿನ ಮುಂದೆ ನಿಂತ. ಹನ್ನೆರಡಾಯಿತು, ಒಂದಾಯಿತು. ಡಬ್ಬಿಯನ್ನು ನಿಂತೇ ಖಾಲಿ ಮಾಡಿದ. ಎರಡಾಯಿತು. ಕೆಂಪು ದೀಪ ಅವನನ್ನು ದುರುಗುಟ್ಟಿ ನೋಡುತ್ತಲೇ ಇತ್ತು. ಅವನೂ ಅದನ್ನು ದುರುಗುಟ್ಟಿ ನೋಡಿದ. ಆಗ ನೆನಪಾಯಿತು: ಆ ದೀಪ ಮಾಡಿಕೊಟ್ಟವನು ತಾನೇ. ಅದರ ಹೊಟ್ಟೆಯಲ್ಲಿರುವುದು ಇದೇ ಅಳತೆಯ ಕಾಳು.

ಸ್ಟೂಲು ಹಾಕಿ ಹತ್ತಿದ. ದೀಪ ಆರಿತು. ಎರಡೂವರೆಗೆ ಕಾಳು ಯಂತ್ರದೊಳಗೆ ಕೂತು ಸುಮ್ಮನೆ ಬಿಸಿಯಾಗತೊಡಗಿತು. ಟಿಕೆಟ್ಟು ಬೆಳ್ಳಗೆ ಬಂತು, ಅಕ್ಷರ ಮುತ್ತು ಪೋಣಿಸಿದ ಹಾಗೆ.

ದೊಡ್ಡ ಸಾಹೇಬರು ಹತ್ತು ನಿಮಿಷ ಮೊದಲೇ ಬಂದರು. ಕೆಂಪು ದೀಪ ಇರಲಿಲ್ಲವಾದ್ದರಿಂದ ಸೀದಾ ಬಾಗಿಲು ತೆರೆದರು. ಮೇಜಿನ ಮೇಲೆ ತಲೆಯಿಟ್ಟು ಮ್ಯಾನೇಜರು, ಸೋಫಾದ ಮೇಲೆ ಭಾವಮೈದ. ಇಬ್ಬರ ಗೊರಕೆಗೂ ಒಂದೇ ಶ್ರುತಿ. ಸಾಹೇಬರು ಕೆಮ್ಮಿದರು. ಮ್ಯಾನೇಜರು ಕೆನ್ನೆಗೆ ಅಂಟಿದ ಕಾಗದದ ಸಮೇತ ಎದ್ದು ನಿಂತರು. ಭಾವಮೈದ ಹೊರಬಂದು, ಫ್ಯಾನಿನ ಎದುರಿನ ಕುರ್ಚಿಯಲ್ಲಿ ನಿದ್ದೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ. ಸುರುಳಿಯ ಎದೆಯಲ್ಲಿ ಆರು ವರ್ಷದಲ್ಲಿ ಮೊದಲ ಸಲ ತಂಪು ಗಾಳಿ ಬೀಸಿತು.

ಯಂತ್ರ ಹತ್ತು ಟಿಕೆಟ್ ಕೊಟ್ಟಿತು, ಹತ್ತೂ ಬೆಳ್ಳಗೆ. ಸಾಹೇಬರು ಮೆಚ್ಚಿ, ಮುಚ್ಚಳ ತೆಗೆಸಿ, ಒಳಗೆ ಬೆರಳಿಟ್ಟರು. ಚುರ್.

"ನಾನು ಬೆಳಿಗ್ಗೇನೇ ತೆಗೀರಿ ಅಂದಿದ್ದೆ ಸಾರ್," ಮ್ಯಾನೇಜರು ಮುಂದೆ ಬಂದರು. "ಕೆಲ್ಸ ಮಾಡ್ದೇ ಇರೋದನ್ನ ತಂದು ಒಳಗೆ ಕೂರಿಸಿದ್ದಾರೆ."

ಹೂಂ ಎನ್ನುವುದು ಸುರುಳಿಗೆ ಇನ್ನು ಸಾಧ್ಯವಿರಲಿಲ್ಲ. "ಅದು ಕೂತಿದ್ರೇನೇ ಸಾರ್ ಉಳಿದೋರು ಸರಿಯಾಗಿರೋದು. ಅದನ್ನ ಕಿತ್ತರೆ ಲೈನು ಉಬ್ಬಿ ಎಲ್ಲಾನೂ ಸುಟ್ಟುಹಾಕುತ್ತೆ."

"ಅಂದ್ರೆ, ಏನೂ ಮಾಡ್ದೇ ಇರೋನೊಬ್ಬ ಇರ್ಲೇಬೇಕು?"

"ಇರ್ಲೇಬೇಕು ಸಾರ್."

ಸಾಹೇಬರ ಮುಖ ನಿಧಾನವಾಗಿ ಬೆಳಗಿತು. "ಮೂವತ್ತು ವರ್ಷದಿಂದ ನನ್ನ ಹೆಂಡ್ತಿ ಕೇಳ್ತಾನೇ ಇದ್ದಾಳೆ, ಆಫೀಸಲ್ಲಿ ನೀವು ಮಾಡೋದಾದ್ರೂ ಏನು ಅಂತ," ಎಂದು ಗದ್ಗದಿತರಾದರು. ಆಮೇಲೆ ಅವರ ಕಣ್ಣು ಫ್ಯಾನಿನ ಕಡೆ ಹೊರಳಿತು. "ಅವರು ಯಾರು? ಏನ್ ಕೆಲ್ಸ ಮಾಡ್ತಾರೆ?"

ಈ ಗಳಿಗೆ ಮತ್ತೆ ಬರುವುದಿಲ್ಲವೆಂದು ಸುರುಳಿಗೆ ಅನ್ನಿಸಿತು. "ಏನೂ ಮಾಡಲ್ಲ ಸಾರ್. ಮೂರು ವರ್ಷದಿಂದ ಒಂದು ಕಡ್ಡೀನೂ ಎತ್ತಿಟ್ಟಿಲ್ಲ."

"ಮೂರು ವರ್ಷ? ಈ ಸೆಕ್ಷನ್ ಎಂದಾದ್ರೂ ನಿಂತಿದ್ಯಾ?"

"ಇಲ್ಲ ಸಾರ್, ನಾನು ಹಗಲೂ ರಾತ್ರಿ..."

"ಅದೇ ನೋಡಿ," ಎಂದ ಸಾಹೇಬರು ಪೆನ್ನು ತೆಗೆದು, ಕಾಯಂ ಆರ್ಡರಿನ ಖಾಲಿ ಜಾಗದಲ್ಲಿ ಭಾವಮೈದನ ಹೆಸರು ಕೇಳಿ ಬರೆದು ಸಹಿ ಹಾಕಿದರು. ಬಾಯಿ ತೆರೆದು ನಿಂತಿದ್ದ ಸುರುಳಿಯ ಬೆನ್ನು ತಟ್ಟಿದರು. "ಆನ್-ಆಫ್ ಆಗ್ತಾ ಇದ್ರೇನೇ ಈ ಸಪ್ಲೈ ಚೆನ್ನಾಗಿ ದುಡಿಯುತ್ತೆ ಅಂತ ನೀವೇ ರಿಪೋರ್ಟಲ್ಲಿ ಬರ್ದಿದ್ದೀರಿ. ನೀವೂ ಆ ನಮೂನೆಯೋರೇ. ಕಾಯಂ ಮಾಡಿ ಕೆಡಿಸೋದು ಬೇಡ. ನಾಳೆ ಒಂದಿನ ಬಿಟ್ಟು ನಾಡಿದ್ದು ಬನ್ನಿ."

ಅವರು ಹೋದ ಮೇಲೆ ಮ್ಯಾನೇಜರು, ಮನೆಗೆ ಹೋಗುವ ಮೊದಲು ಕೆಂಪು ದೀಪ ಸರಿ ಮಾಡಿಹೋಗಬೇಕು ಎಂದರು. ಸುರುಳಿ ಹೊಸ ಚೀಟಿ ಬರೆದು ಮುಂದೆ ಹಿಡಿದ. ಇನ್ನು ಮೇಲೆ ಚೀಟಿಗೆಲ್ಲ ಕಾಯಂ ನೌಕರನೇ ಸಹಿ ಮಾಡುತ್ತಾನೆಂದು ಹೇಳಿ ಅವರು ಒಳಗೆ ಹೋದರು.

ಕಾಯಂ ನೌಕರ ಫ್ಯಾನಿನ ಎದುರು ನಿದ್ರಿಸುತ್ತಿದ್ದ. ಸುರುಳಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೆಂಡತಿಯಲ್ಲ, ಸಾಕ್ಷಾತ್ ಅತ್ತೆ. ಎತ್ತಲಿಲ್ಲ. ಕೈಯಲ್ಲಿ ಚೀಟಿ ಹಿಡಿದು, ಅವನು ಕಣ್ಣು ಬಿಡುವುದನ್ನೇ ಕಾಯುತ್ತ ಕುರ್ಚಿಯ ಪಕ್ಕದಲ್ಲಿ ನಿಂತ, ಯಾವ ಕೆಲಸವನ್ನೂ ಮಾಡದೆ, ಸುಮ್ಮನೆ ಬಿಸಿಯಾಗುತ್ತ.