ಅರವತ್ತನೆಯ ದಿನದ ಟ್ರಂಕು

ನಮ್ಮ ಚಿಕ್ಕಪ್ಪನಿಗೆ ಸೌದೆ ಒಡೆಯುವುದರಿಂದ ಗುಂಡಿ ಹೊಲಿಯುವವರೆಗೆ ಎಲ್ಲವೂ ಬರುತ್ತಿತ್ತು. ಒಂದು ಮಾತ್ರ ಬರುತ್ತಿರಲಿಲ್ಲ: ಸ್ವಂತ ಮನೆಯಲ್ಲಿ ಅರವತ್ತು ದಿನಕ್ಕಿಂತ ಹೆಚ್ಚು ಇರುವುದು!

ಇಪ್ಪತ್ತು ವರ್ಷ ಮಿಲಿಟರಿಯಲ್ಲಿದ್ದು, ಎಪ್ಪತ್ತರ ದಶಕದ ನಡುವೆ ಪೆನ್ಷನ್ ಆಗಿ ಚನ್ನಗಿರಿಗೆ ಬಂದವರು. ಸರ್ವಿಸಿನಲ್ಲಿದ್ದಾಗ ವರ್ಷಕ್ಕೆ ಎರಡು ತಿಂಗಳು ರಜೆ. ಅಷ್ಟೇ ಅವರ ಸಂಸಾರ. ಮದುವೆಯಾಗಿ ಹದಿನಾರು ವರ್ಷವಾಯಿತೆಂದು ಚಿಕ್ಕಮ್ಮ ಹೇಳುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಅರಿತ್‌ಮೆಟಿಕ್ ಪ್ರಕಾರ ನಾನು ಕೂಡಿಸಿ ನೋಡಿದರೆ ಮೂರು ವರ್ಷವೂ ತುಂಬುತ್ತಿರಲಿಲ್ಲ.

ಪೆನ್ಷನ್ ಆದ ಅರವತ್ತನೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಟ್ರಂಕು ಹೊರಗಿಟ್ಟು ಬೂಟಿಗೆ ಪಾಲಿಶ್ ಹಾಕಿದರು. ಚಿಕ್ಕಮ್ಮ ಒಳಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು. ಅಜ್ಜಿ ವಿಭೂತಿ ಹಚ್ಚಿ ಹರಸಿದಳು. ನಾನು ಬಸ್ಸಿನವರೆಗೂ ಹೋಗಿ ಕರ್ಚೀಫು ಬೀಸಿ ಬಂದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿ ತುತ್ತು ಕೈಯಲ್ಲೇ ಹಿಡಿದು ಕೇಳಿದಳು: "ಅಲ್ಲಲೇ, ಅವನಿಗೆ ಪೆನ್ಷನ್ ಆಗೈತಲ್ಲ. ಎಲ್ಲಿಗೆ ಕಳಿಸಿದ್ವಿ?"

ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಅಭ್ಯಾಸ! ಇಡೀ ಮನೆಯೇ ಒಂದು ಪ್ಲಟೂನು!

ಸಂಜೆ ಬಸ್ಸಿಗೆ ಟ್ರಂಕಿನ ಸಮೇತ ವಾಪಸ್ಸು ಬಂದರು. ದಾವಣಗೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ರೈಲು ನೋಡಿ ಬಂದರಂತೆ. "ಇನ್ನೆರಡು ತಿಂಗಳು ರಜಾ ಕೊಟ್ರು" ಎಂದರು, ಮುಖದಲ್ಲಿ ನಗುವಿಲ್ಲ. ನಾವು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅದೇ ಕ್ರಮವಾಯಿತು. ಅಡಿಕೆ ಮಂಡಿಯಲ್ಲಿ ಕಾವಲಿಗೆ ಸೇರಿದರು. ಅರವತ್ತನೆಯ ದಿನ ಮಾಯ. ಮಂಡಿ ಸಾಹುಕಾರರು ಮನೆಗೇ ಬಂದು, "ಹವಾಲ್ದಾರ್ರೇ, ನೀವು ಕಾಯೋ ಬಾರ್ಡರು ನಮ್ಮ ಬಾಗಿಲಾಗೈತೆ, ಟೇಸನ್ನಾಗಿಲ್ಲ" ಎಂದು ಮರ್ಯಾದೆಯಿಂದಲೇ ಕೆಲಸ ಬಿಡಿಸಿದರು. ಟೆಂಟ್ ಟಾಕೀಸಿನಲ್ಲಿ ಗೇಟ್ ಕೀಪರ್ ಆದರು. ಜನ ಸಾಲಾಗಿ ನಿಲ್ಲದೆ ಗೇಟು ತೆಗೆಯುವುದಿಲ್ಲವೆಂದು ಹಟ ಹಿಡಿದರು; ಸಿನಿಮಾ ಅರ್ಧ ಮುಗಿದರೂ ಪ್ರೇಕ್ಷಕರು ಹೊರಗೇ ಇದ್ದರು. ಆ ಕೆಲಸ ಅರವತ್ತು ದಿನವನ್ನೂ ಕಾಣಲಿಲ್ಲ, ಪಾಪ! ಹೋಪ್‌ಲೆಸ್ ಕೇಸ್ ಎಂದು ನಾನೇ ತೀರ್ಪು ಕೊಟ್ಟಿದ್ದೆ.

ಐದನೆಯ ಸಲ ನಗು ನಿಂತಿತು. ಹೋದವರು ಮೂರು ದಿನ ಬರಲಿಲ್ಲ. ಉತ್ತರಕ್ಕೆ ಹೋಗುವ ರೈಲಿನಲ್ಲಿ ಟಿಕೆಟ್ಟಿಲ್ಲದೆ ಕೂತಿದ್ದವರನ್ನು ಯಾರೋ ಪುಣ್ಯಾತ್ಮರು ಇಳಿಸಿ ಕರೆತಂದರು. ಮುಂದಿನ ಸಲ ಹೋದರೆ ಬರುವುದಿಲ್ಲ ಎಂದು ನಮಗೆಲ್ಲ ಖಾತ್ರಿಯಾಯಿತು. ಚಿಕ್ಕಮ್ಮ ಗಂಡನ ಮುಂದೆ ನೆಲದ ಮೇಲೆ ಕೂತು, "ನಾನಿದ್ರೆ ಮನಿಯಾಗೆ ಇರಾಕೆ ಆಗಂಗಿಲ್ಲೇನ್ರೀ?" ಎಂದು ಕೇಳಿಯೇಬಿಟ್ಟರು.

ಚಿಕ್ಕಪ್ಪ ಬೂಟಿನ ಲೇಸು ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಆಮೇಲೆ ಹೇಳಿದರು. ಸರ್ವಿಸಿನಲ್ಲಿದ್ದಾಗ ಅವರ ಕೂಸು ಜ್ವರದಲ್ಲಿ ತೀರಿಕೊಂಡ ವರ್ಷ, ತಂತಿ ಕಳಿಸಿ ಹತ್ತು ದಿನ ರಜೆ ಮುಂದುವರಿಸಿಕೊಂಡಿದ್ದರಂತೆ. ಆ ಹತ್ತು ದಿನ ಇವರ ಬದಲಿಗೆ ಗುಡ್ಡದ ಮೇಲಿನ ಪೋಸ್ಟಿಗೆ ಹೋದವನು ನ್ಯಾಮತಿ ಕಡೆಯ ಗೆಳೆಯ. ಹಿಮ ಕುಸಿದು ಅಲ್ಲೇ ಉಳಿದ. "ನಾ ತಡ ಮಾಡಿದ್ರೆ ಇನ್ನೊಬ್ಬ ಹೋಗ್ತಾನೆ."

ಚಿಕ್ಕಮ್ಮ ಅಳಲಿಲ್ಲ, ವಾದಿಸಲಿಲ್ಲ. ಅವನಿಗೆ ಯಾರಿದ್ದಾರೆ ಎಂದಷ್ಟೇ ಕೇಳಿದರು. ತಾಯಿ ಇದ್ದಾರೆ ಎಂದರು ಚಿಕ್ಕಪ್ಪ. ಅವರನ್ನು ನೋಡಲು ಹೋಗಿದ್ದಿರಾ? ಇಲ್ಲ.

ಮುಂದಿನ ಅರವತ್ತನೆಯ ದಿನ ಟ್ರಂಕು ಹೊರಬಂದಾಗ ಚಿಕ್ಕಮ್ಮನೂ ಸೀರೆ ಬದಲಿಸಿ ನಿಂತಿದ್ದರು. ಜೊತೆಗೆ ನನ್ನನ್ನೂ ಎಳೆದುಕೊಂಡರು. "ಹಾಜರಿ ಕೊಡೋದೇ ಆದ್ರೆ ಆ ತಾಯಿ ಹತ್ರ ಕೊಡ್ರಿ" ಎಂದರು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿಯಿಂದ ಎರಡು ಮೈಲಿ ನಡೆದೆವು. ಚಿಕ್ಕಪ್ಪನ ಶರ್ಟು ಬೆವರಿನಿಂದ ಬೆನ್ನಿಗಂಟಿತ್ತು.

ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದ ಮುದುಕಿ ಯಾರೆಂದು ಕೇಳಿದರು. ಚಿಕ್ಕಪ್ಪ ಹೆಸರು ಹೇಳಿ, ನನ್ನ ಬದಲಿಗೇ ನಿಮ್ಮ ಮಗ ಹೋದ ಎಂದು ನಿಂತಲ್ಲೇ, ಅಟೆನ್ಷನ್‌ನಲ್ಲೇ ಹೇಳಿದರು. ಆಕೆಗೆ ಅದು ಮೊದಲೇ ಗೊತ್ತಿತ್ತು. ಮಗ ಪೋಸ್ಟಿಗೆ ಹೋಗುವ ಮುಂಚೆ ಕಾಗದದಲ್ಲಿ ಬರೆದಿದ್ದನಂತೆ: ಗೆಳೆಯನ ಕೂಸಿಗೆ ಹುಷಾರಿಲ್ಲ, ನಾನೇ ಕೇಳಿ ಹೋಗುತ್ತಿದ್ದೇನೆ.

ಆಕೆ ಎದ್ದು ಬಂದು ಟ್ರಂಕನ್ನೂ ಅವರ ಮುಖವನ್ನೂ ನೋಡಿದರು.

"ಕೂಸು ಹೆಂಗೈತಪ್ಪ?"

ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿದರು. ಚಿಕ್ಕಮ್ಮ ಕೂಸು ಉಳಿಯಲಿಲ್ಲವೆಂದು ತಲೆಯಾಡಿಸಿದರು.

ಮುದುಕಿ ಚಿಕ್ಕಪ್ಪನ ಕೈಯಿಂದ ಟ್ರಂಕು ಬಿಡಿಸಿ ಕೆಳಗಿಟ್ಟರು. "ಇಬ್ಬರೂ ಹೋದ್ರು ಅನ್ನು. ನೀನಾದ್ರೂ ಇರು, ಮಗಾ."

ನಮ್ಮ ಚಿಕ್ಕಪ್ಪ ಅಲ್ಲಿ, ಹುರುಳಿಯ ರಾಶಿಯ ಪಕ್ಕದಲ್ಲಿ, ಬೂಟು ಬಿಚ್ಚಿ ಕೂತರು.